ಮೇಣದಲ್ಲಿ ತೇಲಿ ಬಂದ ಎಸಳು

ಹಿತ್ತಲ ಒಲೆಯ ಮೇಲೆ, ಡಬ್ಬಿಯಲ್ಲಿ ಕರಗುತ್ತಿದ್ದ ಮೇಣದಲ್ಲಿ ಚೆಂಡುಹೂವಿನ ಎಸಳೊಂದು ತೇಲಿ ಬಂತು. ತಿರುವುತ್ತಿದ್ದ ನನ್ನ ಕೈ ನಿಂತಿತು.

ಅದು ಯುದ್ಧದ ಕಾಲ. ಪುಣೆಯಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಮರುದಿನ ಮಗಳ ಪರೀಕ್ಷೆ. ಉಳಿದ ಮೋಂಬತ್ತಿ ತುಂಡುಗಳನ್ನು ತಂದುಕೊಟ್ಟವರು ಹಲವು ಸಂಸಾರಗಳಿದ್ದ ನಮ್ಮ ವಾಡೆಯ ಎದುರು ಮನೆಯ ರೋಸಾಬಾಯಿ, ಬೆಳಗಾವಿ ಕಡೆಯ ಕ್ರಿಶ್ಚಿಯನ್ ವಿಧವೆ. ನೂಲಿನ ಬತ್ತಿ ಇಳಿಬಿಟ್ಟ ಪಪ್ಪಾಯಿ ಎಲೆಯ ಪೊಳ್ಳು ದಂಟನ್ನು ನೆಟ್ಟಗೆ ಹಿಡಿದು ಅವರೂ ಪಕ್ಕದಲ್ಲಿ ಕೂತಿದ್ದರು. ಹೊಸ ಮೋಂಬತ್ತಿಗೆ ಅದೇ ಅಚ್ಚು; ಅದರೊಳಗೆ ಮೇಣ ಹೊಯ್ಯುವುದಷ್ಟೇ ಬಾಕಿ.

"ಈ ತುಂಡು ಎಲ್ಲೀವು, ರೋಸಾಬಾಯಿ?"

"ನನ್ನ ಮಗಳ ಗೋರಿ ಮ್ಯಾಲಿನವ್ರಿ ಅಕ್ಕಾರ. ಸತ್ತವರ ಹಬ್ಬಕ್ಕ ಹಚ್ಚಿದ್ದೆ. ಗಾಳಿಗೆ ಆರಿ ಉಳದಾವ."

ಒಳಗೆ ಅತ್ತೆಯವರು ಪೂಜೆಗೆ ಕೂತಿದ್ದರು. ಗೋರಿಯ ವಸ್ತು ಮನೆಗೆ ಬಂದಿದೆಯೆಂದು ತಿಳಿದರೆ ಡಬ್ಬಿ ಸಮೇತ ಬೀದಿಗೆ ಬೀಳುತ್ತಿತ್ತು. ಮೇಣ ಹೊಗೆಯಾಡತೊಡಗಿತು. ಹೊಯ್ಯಲೂ ಮನಸ್ಸಾಗದು, ಚೆಲ್ಲಲೂ ಆಗದು. ಎರಡು ಸಲ ಬಾಗಿಲ ಕಡೆ ನೋಡಿದೆ.

ರೋಸಾಬಾಯಿ ದಂಟು ಹಿಡಿದೇ ಇದ್ದರು. "ಅಕಿಗೆ ಕತ್ತಲಂದ್ರ ಭಾಳ ಅಂಜಿಕಿ ಇತ್ರಿ," ಎಂದರು. "ಉಳಿದದ್ದು ನಿಮ್ಮ ಹುಡುಗಿಗೆ ಓದಲಿಕ್ಕಾಗಲಿ ಅಂತ ತಂದೆ."

ಎಸಳನ್ನು ಚಮಚದಿಂದ ಎತ್ತಿಟ್ಟು, ಮೇಣ ಹೊಯ್ದೆ.

ಆ ಸಂಜೆ ಮಗಳು ಓದಿ ಪುಸ್ತಕ ಮುಚ್ಚಿದ ಮೇಲೆ, ಮೇಣ ಉಳಿಸಬೇಕೆಂದು ಎಂದಿನಂತೆ ಊದಲು ಬಾಗಿದೆ. ಊದಲಾಗಲಿಲ್ಲ. ಬತ್ತಿ ತಾನಾಗಿ ಮುಗಿಯುವವರೆಗೂ ಅದರ ಹತ್ತಿರ ಕೂತೆ.