ಮೂರು ಹಾರ್ನಿನ ಮನುಷ್ಯ

ಸೂರ್ಯ ಮೋಡದ ನೆಪ ಹೇಳಿ ಅರ್ಧ ದಿನ ರಜೆ ಹಾಕಬಹುದು, ಗಡಿಯಾರದ ಮುಳ್ಳು ತುಕ್ಕು ಹಿಡಿದು ನಿಲ್ಲಬಹುದು. ಆದರೆ ನಮ್ಮ ಶಾಲೆಯ ವ್ಯಾನು ಮೂರನೇ ಹಾರ್ನಿನ ಮೇಲೆ ಒಂದು ಕ್ಷಣವೂ ನಿಲ್ಲುವುದಿಲ್ಲ ಎಂಬುದು ಹದಿನಾರು ವರ್ಷಗಳಿಂದ ನಡೆದುಬಂದ ಪರಮಸತ್ಯ. ಮೊದಲ ಹಾರ್ನಿಗೆ ಮಗು ಬಾಗಿಲಲ್ಲಿ ಕಾಣಬೇಕು. ಎರಡನೆಯದಕ್ಕೆ ಚೀಲ ಹೆಗಲೇರಿರಬೇಕು. ಮೂರನೆಯದಕ್ಕೆ ಕಾಲು ವ್ಯಾನಿನ ಮೆಟ್ಟಿಲ ಮೇಲಿರಬೇಕು. ಆಮೇಲೆ ಬಂದವರ ಪಾಲಿಗೆ ಹೊಗೆ.

ಅದನ್ನು ಓಡಿಸುವವರನ್ನು ಮಕ್ಕಳು ಎದುರಿಗೆ ‘ಡ್ರೈವರ್ ಮಾಮ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಮೂರ್ಹಾರ್ನ್’. ಈ ಮಹಾಪುರುಷರು ಸ್ವಂತ ಮಗಳನ್ನು ಸ್ವಂತ ಮನೆಯ ಮುಂದೆಯೇ ಬಿಟ್ಟು ಬಂದವರು. ಆಕೆ ಆಗ ಒಂದು ಕಾಲಿಗೆ ಶೂ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದಳಂತೆ. ಸ್ಕೂಟರ್ ಕೆಟ್ಟ ಒಂದು ಬೆಳಿಗ್ಗೆ ನಮ್ಮ ಮುಖ್ಯೋಪಾಧ್ಯಾಯಿನಿ, ಅಂದರೆ ದೊಡ್ಡ ಮೇಡಂ, ತಲೆಯಲ್ಲಿ ಬಾಚಣಿಗೆ ಸಿಕ್ಕಿಸಿಕೊಂಡೇ “ನಾನು ಕಣ್ರೀ, ನಾನು!” ಎಂದು ಕೂಗುತ್ತ ಓಡಿಬಂದಿದ್ದರು. ವ್ಯಾನು ನಿಲ್ಲಲಿಲ್ಲ. ಅದರ ಹಿಂಬದಿಗೆ ದೊಡ್ಡಕ್ಷರದಲ್ಲಿ ಬರೆಸಿದ್ದ ‘ಬನ್ನಿ, ಕಲಿಯೋಣ’ ಎಂಬುದನ್ನು ಓದಿಕೊಳ್ಳುತ್ತ ಮೇಡಂ ನಡೆದು ಬಂದರು. ಅಂದು ಶಾಲೆಯಲ್ಲಿ ಯಾರೂ ಜೋರಾಗಿ ಉಸಿರಾಡಲಿಲ್ಲ.

ಇಂಥ ಶಾಲೆಗೆ ಒಂದು ದಿನ ಇಂಜಿನಿಯರ್ ಬಂದು ಸ್ಟಾಫ್ ರೂಮಿನ ಛಾವಣಿಯನ್ನು ಕೊಡೆಯ ತುದಿಯಿಂದ ಮೆಲ್ಲಗೆ ತಿವಿದರು. ಅಂಗೈಯಗಲದ ಗಾರೆ ನೇರ ಗಣಿತದ ಮೇಷ್ಟ್ರ ಚಹಾದ ಲೋಟಕ್ಕೇ ಬಿತ್ತು. ಮೇಷ್ಟ್ರು ಲೋಟ ನೋಡಿದರು, ಇಂಜಿನಿಯರ್ ಛಾವಣಿ ನೋಡಿದರು, ದೊಡ್ಡ ಮೇಡಂ ಇಂಜಿನಿಯರನ್ನು ನೋಡಿದರು. ಸಂಜೆಯೊಳಗೆ ಕಟ್ಟಡಕ್ಕೆ ಬೀಗ ಬಿತ್ತು. ದುರಸ್ತಿಗೆ ಮೂರು ತಿಂಗಳು. ಅಲ್ಲಿಯವರೆಗೆ ಮಕ್ಕಳು ಅವರವರ ಮನೆಯಲ್ಲೇ ಇದ್ದು ಕಲಿಯಬೇಕು, ನಾವು ದೂರದಿಂದಲೇ ಕಲಿಸಬೇಕು.

ಗೇಟಿನ ಪಕ್ಕದ ಕಾವಲುಗಾರನ ಕೋಣೆ ನಮ್ಮ ಆಫೀಸಾಯಿತು. ಒಂದು ಮೇಜು, ಎರಡು ಕುರ್ಚಿ, ಆರು ಜನ. ಫೋನಿದ್ದ ಮಕ್ಕಳಿಗೆ ಫೋನಿನಲ್ಲಿ ಪಾಠ. ಗಣಿತದ ಮೇಷ್ಟ್ರು ಮೊದಲ ದಿನ ಫೋನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಮುಕ್ಕಾಲು ಗಂಟೆ ಭಿನ್ನರಾಶಿ ಹೇಳಿಕೊಟ್ಟರು. ಕೊನೆಗೆ ಯಾವುದೋ ಮಗುವಿನ ಅಜ್ಜಿ ಫೋನಿಗೆ ಬಾಯಿ ಹಾಕಿ, “ಮೇಷ್ಟ್ರೇ, ಪಾಠ ಚೆನ್ನಾಗಿತ್ತು. ಆದ್ರೆ ಶುರುವಿಂದ ನಿಮ್ಮ ಮೂಗಿನ ಹೊಳ್ಳೆ ಬಿಟ್ರೆ ಇನ್ನೇನೂ ಕಾಣ್ಲಿಲ್ಲಪ್ಪ” ಎಂದರು. ಮೇಷ್ಟ್ರು ಎರಡು ದಿನ ಯಾರಿಗೂ ಮುಖ ತೋರಿಸಲಿಲ್ಲ; ಮೂಗನ್ನಂತೂ ಮೊದಲೇ ಇಲ್ಲ.

ಫೋನಿಲ್ಲದ ಮಕ್ಕಳು ಮೂವತ್ತೊಂದು. ಅವರಿಗೆ ಕಾಗದದ ಲಕೋಟೆ. ಪಾಠವನ್ನೂ ಪ್ರಶ್ನೆಗಳನ್ನೂ ಹಾಳೆಯಲ್ಲಿ ಅಚ್ಚು ಹಾಕಿಸಿ, ಪಿನ್ನು ಹೊಡೆದು, ಹೆಸರು ಬರೆದು ತುಂಬುವ ಕೆಲಸ ವಿಜ್ಞಾನ ಹೇಳುವ ನನ್ನದು. ಸೋಮವಾರ ವ್ಯಾನು ಎಂದಿನ ದಾರಿಯಲ್ಲೇ ಹೋಗಿ, ಎಂದಿನ ಸ್ಟಾಪುಗಳಲ್ಲೇ ನಿಂತು, ಮೂರು ಹಾರ್ನು ಹೊಡೆದು ಲಕೋಟೆ ಹಂಚುವುದು. ಗುರುವಾರ ಉತ್ತರ ಬರೆದದ್ದನ್ನು ಅದೇ ಕ್ರಮದಲ್ಲಿ ವಾಪಸು ತರುವುದು. ದೊಡ್ಡ ಮೇಡಂ ಒಂದು ನಿಯಮವನ್ನೂ ಮಾಡಿದರು: ಸತತ ಮೂರು ವಾರ ಲಕೋಟೆ ಖಾಲಿ ಬಂದರೆ ಆ ಮಗು ಮುಂದಿನ ವರ್ಷವೂ ಅದೇ ಕ್ಲಾಸು.

ಎರಡು ವಾರಕ್ಕೆ ಎರಡೂ ಲಕೋಟೆ ಖಾಲಿ ಬಂದದ್ದು ಒಬ್ಬಳದೇ. ಏಳನೇ ಕ್ಲಾಸು, ಕೊನೇ ಸ್ಟಾಪಿನ ಹುಡುಗಿ. ಶಾಲೆಯಿದ್ದಾಗ ಡ್ರೈವರ್ ಹಿಂದಿನ ಸೀಟಿನಲ್ಲಿ, ಕಿಟಕಿ ಪಕ್ಕ ಕೂರುತ್ತಿದ್ದವಳು. ಕೆಟ್ಟ ವಿದ್ಯಾರ್ಥಿನಿಯಲ್ಲ, ನನ್ನ ಪಾಠದಲ್ಲಿ ಪ್ರಶ್ನೆ ಕೇಳಿ ನನ್ನನ್ನೇ ಎರಡು ಸಲ ಪೇಚಿಗೆ ಸಿಕ್ಕಿಸಿದ್ದಳು. ಮೇಡಂ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಎರಡು ಕೆಂಪು ಚುಕ್ಕೆ ಇಟ್ಟು, “ಇನ್ನೊಂದು ಬಿತ್ತೋ, ಮುಗೀತು” ಎಂದರು. ಮೇಡಂ ಹೇಳಿದ್ದನ್ನು ಮಾಡುವವರೇ.

ಆ ಸೋಮವಾರ ಡ್ರೈವರು ಲಕೋಟೆ ಹಂಚಿ ಬಂದು ಒಂದು ಚೀಟಿ ಕೊಟ್ಟರು. ಮೇಜಿನ ಮೇಲೆ ಪೋಷಕರ ಅರ್ಜಿ, ಇಂಜಿನಿಯರ ನಕ್ಷೆ, ಮೇಷ್ಟ್ರ ರಜಾಪತ್ರ ಎಲ್ಲ ಗುಡ್ಡೆಯಾಗಿ ಬಿದ್ದಿದ್ದವು. ನಾನು ಚೀಟಿಯನ್ನು ಬಿಡಿಸಿ ನೋಡದೆ, ಗೌರವಪೂರ್ವಕವಾಗಿ ಆ ಗುಡ್ಡೆಯ ತಳಕ್ಕೆ ಸೇರಿಸಿದೆ.

ಗುರುವಾರ ವ್ಯಾನು ಹನ್ನೆರಡಕ್ಕೆ ಗೇಟು ಹೊಗಬೇಕು. ಹನ್ನೆರಡಾಯಿತು. ವ್ಯಾನಿಲ್ಲ. ಗಣಿತದ ಮೇಷ್ಟ್ರು ತಮ್ಮ ಕೈಗಡಿಯಾರವನ್ನೇ ಅನುಮಾನಿಸಿ ಕಿವಿಗಿಟ್ಟುಕೊಂಡರು.

ಹನ್ನೆರಡೂ ಕಾಲು.

“ಏನೋ ಆಗಿದೆ” ಎಂದರು ದೊಡ್ಡ ಮೇಡಂ. ಹದಿನಾರು ವರ್ಷದಲ್ಲಿ ಅವರು ವ್ಯಾನಿಗಾಗಿ ಗೇಟಿನಾಚೆ ಇಣುಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಒಂದು ಗಂಟೆಯಾದರೂ ವ್ಯಾನಿನ ಸುಳಿವಿಲ್ಲ. ಡ್ರೈವರಿಗೆ ಫೋನ್ ಮಾಡಿದರೆ ಅದು ಅದೇ ಕೋಣೆಯ ಕಿಟಕಿಯಲ್ಲಿ, ಚಾರ್ಜಿಗೆ ಹಾಕಿದ ಜಾಗದಲ್ಲೇ ರಿಂಗಾಯಿತು. ಮೇಷ್ಟ್ರು ಬಿಳುಚಿಕೊಂಡು, “ಆಸ್ಪತ್ರೆಗೆ ಕೇಳೋಣ್ವಾ?” ಎಂದರು.

“ಬಾಯ್ಮುಚ್ರೀ!” ಎಂದು ಗದರಿದ ಮೇಡಂ ರಿಜಿಸ್ಟರನ್ನು ಕಂಕುಳಿಗೇರಿಸಿ ಸ್ಕೂಟರ್ ಚಾಲು ಮಾಡಿದರು. “ಹತ್ರೀ ಹಿಂದೆ. ಕೊನೇ ಸ್ಟಾಪಿಂದ ಹುಡುಕ್ತಾ ಬರೋಣ.” ನಾನು ಹತ್ತಿದೆ. ಮೇಡಂ ಸ್ಕೂಟರ್ ಓಡಿಸುವುದನ್ನು ವರ್ಣಿಸಲು ಬೇರೆಯೇ ಪುಸ್ತಕ ಬೇಕು. ದಾರಿಯಲ್ಲಿ ಎರಡು ನಾಯಿಗಳು ಪಾದಚಾರಿ ಮಾರ್ಗದ ಉಪಯೋಗವನ್ನು ಅಂದು ಕಲಿತವು.

ಕೊನೇ ಸ್ಟಾಪಿನಲ್ಲಿ ಒಂದು ಇಕ್ಕಟ್ಟಾದ ಓಣಿ. ಬೇರೆ ಸ್ಟಾಪುಗಳಲ್ಲಿ ಮಕ್ಕಳು ರಸ್ತೆಬದಿಯಲ್ಲೇ ಕಾದಿರುತ್ತಾರೆ. ಇಲ್ಲಿ ಮನೆ ಓಣಿಯ ತೀರಾ ಒಳಗೆ. ಓಣಿಯ ಬಾಯಲ್ಲಿ, ಒಂದು ಗೋಡೆಯ ನೆರಳಿಗೆ ಒತ್ತಿಕೊಂಡು, ನಮ್ಮ ವ್ಯಾನು ನಿಂತಿತ್ತು. ಗಾಜು ಒಡೆದಿರಲಿಲ್ಲ. ಚಕ್ರ ನಾಲ್ಕೂ ಇದ್ದವು. ಡ್ರೈವರು ತಮ್ಮ ಸೀಟಿನಲ್ಲಿ ಸ್ಟಿಯರಿಂಗ್ ಹಿಡಿದು, ರಸ್ತೆಯನ್ನೇ ನೋಡುತ್ತ, ಗಂಟೆಗೆ ನಲವತ್ತು ಮೈಲಿ ವೇಗದಲ್ಲಿ ಹೋಗುತ್ತಿರುವವರಂತೆ ಕೂತಿದ್ದರು.

ಹಿಂದಿನ ಸೀಟಿನಲ್ಲಿ, ನೆರಳು ಬಿದ್ದ ಕಿಟಕಿಯ ಪಕ್ಕ, ಆ ಹುಡುಗಿ. ಮೊಣಕಾಲ ಮೇಲೆ ಹಲಗೆ, ಹಲಗೆಯ ಮೇಲೆ ನಾನು ಪಿನ್ನು ಹೊಡೆದ ಹಾಳೆಗಳು. ಬರೆಯುತ್ತಿದ್ದಳು.

ದೊಡ್ಡ ಮೇಡಂ ಬಾಗಿಲಲ್ಲೇ ಸ್ತಂಭೀಭೂತರಾದರು. ನಾನಂತೂ ಸ್ಕೂಟರಿನಿಂದ ಇಳಿಯುವುದನ್ನೇ ಮರೆತೆ. ಮೂರ್ಹಾರ್ನ್ ಕಾಯುತ್ತಿದ್ದಾರೆ! ಒಬ್ಬ ಹುಡುಗಿಗಾಗಿ! ನನ್ನ ವಿಜ್ಞಾನವೆಲ್ಲ ಒಂದು ಕ್ಷಣ ಅಲ್ಲಾಡಿಹೋಯಿತು.

“ಏನೇ ಇದು?” ಎಂದರು ಮೇಡಂ.

ಹುಡುಗಿ ಎದ್ದು ನಿಂತಳು. “ಇನ್ನೊಂದೇ ಪ್ರಶ್ನೆ ಮೇಡಂ.”

“ಮನೇಲಿ ಬರೆಯೋಕೇನು ಕಷ್ಟ ನಿಂಗೆ?”

“ಮನೇಲಿ ಇರೋದು ಒಂದೇ ರೂಮು ಮೇಡಂ. ಅಮ್ಮ ಇಸ್ತ್ರಿ ಅಂಗಡಿಗೆ ಹೋಗ್ತಾಳೆ. ತಂಗಿ, ಇಬ್ರು ತಮ್ಮಂದಿರು. ಹಾಳೆ ಬಿಚ್ಚಿದ್ರೆ ಒಬ್ಬ ಪೆನ್ಸಿಲ್ ಕಡೀತಾನೆ, ಇನ್ನೊಬ್ಬ ಹಾಳೆ ಮೇಲೇ ಕೂತ್ಕೋತಾನೆ.”

“ಈಗ ಅವ್ರನ್ನ ಯಾರು ನೋಡ್ಕೊಳ್ತಿದಾರೆ?”

“ಪಕ್ಕದ್ಮನೆ ಅತ್ತೆ. ಬಟ್ಟೆ ಒಣಗ್ಹಾಕೋಕೆ ಹೊರಗೆ ಬಂದ್ನಾ, ವ್ಯಾನ್ ನಿಂತಿತ್ತು. ಯಾವಾಗ ಬಂತೋ ಗೊತ್ತೇ ಆಗ್ಲಿಲ್ಲ. ಲಕೋಟೆ ಖಾಲೀನೇ ಇದೆ ಮಾಮ, ಕೂತು ಬರೀಲಾ ಅಂದೆ.”

“ಅದಕ್ಕೆ?”

“ಬಾಗಿಲು ತೆಗೆದ್ರು, ಅಷ್ಟೇ.”

ಮೇಡಂ ಹಾಳೆಗಳನ್ನು ಕೈಗೆ ತೆಗೆದುಕೊಂಡರು. ಒಂದು, ಎರಡು, ಏಳು ಪುಟ. ಎಲ್ಲವೂ ತುಂಬಿದ್ದವು, ಅಂಚಿನಲ್ಲಿ ನನ್ನ ಒಂದು ಪ್ರಶ್ನೆಯೇ ತಪ್ಪಾಗಿದೆಯೆಂಬ ಟಿಪ್ಪಣಿಯೂ ಸೇರಿ. ನಾನು ಇಣುಕಿ ನೋಡಿದೆ. ತಪ್ಪಾಗಿತ್ತು.

“ಕೂತ್ಕೋ. ಆ ಒಂದನ್ನೂ ಮುಗಿಸು” ಎಂದ ಮೇಡಂ ವ್ಯಾನಿನ ಮೆಟ್ಟಿಲ ಮೇಲೆಯೇ ಕೂತು ರಿಜಿಸ್ಟರ್ ಬಿಡಿಸಿದರು. ಎರಡು ಕೆಂಪು ಚುಕ್ಕೆಗಳ ಪಕ್ಕದಲ್ಲಿ, ಕಾಗದ ಹರಿಯುವಷ್ಟು ಒತ್ತಿ ಒಂದು ಸರಿ ಗುರುತು ಹಾಕಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಬಹಳ ಹೊತ್ತು ಒರೆಸಿದರು. ಕನ್ನಡಕ ಮೊದಲಿಂದಲೂ ಚೊಕ್ಕಟವಾಗಿಯೇ ಇತ್ತು.

“ಡ್ರೈವರೇ,” ಎಂದರು ಕೊನೆಗೆ, ವಾರ್ಷಿಕೋತ್ಸವದ ಭಾಷಣದ ದನಿಯಲ್ಲಿ, “ಹೆತ್ತ ಮಗಳಿಗೆ ಕಾಯ್ಲಿಲ್ಲ ನೀವು. ನಂಗೂ ಕಾಯ್ಲಿಲ್ಲ, ನಾನು ಬಾಚಣಿಗೆ ಸಮೇತ ಓಡ್ಬಂದೆ. ಇವತ್ತು ಈ ಮಗುಗೋಸ್ಕರ ಒಂದೂವರೆ ಗಂಟೆ ಕಾದಿದೀರಿ. ಅವಳ ಒಂದು ವರ್ಷ ಉಳಿಸಿದೀರಿ ಕಣ್ರೀ! ನಿಮ್ಮೊಳಗೆ ಇಂಥ ಮನಸ್ಸಿದೆ ಅಂತ ನಮಗ್ಯಾರಿಗೂ ಗೊತ್ತಿರ್ಲಿಲ್ಲ. ಹೇಳಿ, ಏನನ್ನಿಸ್ತು ನಿಮಗೆ? ಯಾಕೆ ಕಾದ್ರಿ?”

ಡ್ರೈವರು ಮೊದಲ ಬಾರಿಗೆ ರಸ್ತೆಯಿಂದ ಕಣ್ಣು ತೆಗೆದು ನಮ್ಮ ಕಡೆ ತಿರುಗಿದರು. ನಾನೂ ಕಣ್ಣೊರೆಸಿಕೊಳ್ಳಲು ಕರವಸ್ತ್ರವನ್ನು ಸಿದ್ಧವಾಗಿ ಹಿಡಿದುಕೊಂಡೆ.

“ಹಾರ್ನ್ ಕೆಟ್ಟಿದೆ ಮೇಡಂ,” ಎಂದರು. “ಸೋಮವಾರನೇ ಚೀಟಿ ಕೊಟ್ಟಿದ್ನಲ್ಲ. ಹಾರ್ನ್ ಹೊಡೀದೆ ಹೊರಡೋದ್ಹೆಂಗೆ?”