ಗುಂಡಿಯಣ್ಣನ ಕೋಲು

ಚಪ್ಪಲಿ ಅಂಗಡಿಯಲ್ಲಿ ಬಿಲ್ಲು ಬರೆಯುವ ಒಬ್ಬ ಗುಮಾಸ್ತ. ಈ ಸಾಲುಗಳನ್ನು ಬರೆಯುತ್ತಿರುವ ಮಹಾಶಯನೂ ಅವನೇ. ಊರಿಗೆಲ್ಲ ಬೂಟು ಮಾರುವವನ ಬೂಟಿನ ದಾರ ಮಾತ್ರ ಯಾವತ್ತೂ ಸಡಿಲ. ಒಂದು ಬೆಳಿಗ್ಗೆ ಕೆಲಸಕ್ಕೆ ಓಡುವಾಗ ಅದು ಬಿಚ್ಚಿಕೊಂಡಿತು. ಪಕ್ಕದ ಮೋಟುಗೋಡೆಯ ಮೇಲೆ ಕಾಲಿಟ್ಟು, ಅರ್ಧ ಬಗ್ಗಿ, ದಾರ ಕಟ್ಟುತ್ತ ತಲೆಯೆತ್ತಿ ನೋಡಿದರೆ, ಫುಟ್‌ಪಾತಿನ ನಡುವೆ ಬಾವಿಯಂಥ ಗುಂಡಿ! ಅದರ ಅಂಚಿನಲ್ಲಿ ಒಬ್ಬ ಮುದುಕ ಬೋರಲು ಬಿದ್ದಿದ್ದಾನೆ!

"ಅಲ್ಲಾಡ್ಬೇಡಿ! ಇದನ್ನ ಹಿಡ್ಕೊಳ್ಳಿ!" ಎಂದು ಅರಚುತ್ತ ಓಡಿಹೋಗಿ ಕೈಯಲ್ಲಿದ್ದ ಕೊಡೆ ಚಾಚಿದ.

ಮುದುಕ ಕೊಡೆಯನ್ನು ನೋಡಿದ, ಇವನ ಮುಖವನ್ನು ನೋಡಿದ. "ಯಾಕಪ್ಪಾ, ಮಳೆ ಬರ್ತಿದೆಯಾ? ನೀನು ನಿಂತಿರೋದೇ ಗುಂಡಿ ಮಧ್ಯ. ಬಣ್ಣ ಇನ್ನೂ ಹಸಿ ಇದೆ, ಮೊದ್ಲು ಕಾಲು ತೆಗಿ."

ಅವನೇ ಗುಂಡಿಯಣ್ಣ. ಹೆತ್ತವರಿಟ್ಟ ಹೆಸರು ಬೇರೆ ಇತ್ತು. ಬೀದಿಯವರು ಅದನ್ನು ಎಂದೋ ಗುಂಡಿಗೆ ಹಾಕಿ ಮುಚ್ಚಿದ್ದರು. ಹರೆಯದಲ್ಲಿ ಅವನು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಅಚ್ಚು ಹಾಕಿದ ಬ್ಯಾನರು ಬಂದು ಕುಂಚದ ಹೊಟ್ಟೆಯ ಮೇಲೆ ಹೊಡೆದಾಗ ಗೋಡೆ ಬಿಟ್ಟು ನೆಲಕ್ಕಿಳಿದ. ಸಪಾಟು ನೆಲದ ಮೇಲೆ ಬಣ್ಣದಲ್ಲೇ ಬಾವಿ ತೋಡಿದ, ಮುರಿದ ಸೇತುವೆ ಹಾಸಿದ.

ಇದು ಒಂಟಿ ಕೈಯ ಕೆಲಸವಲ್ಲ. ನೆಲದ ಮೇಲೆ ಎಳೆಯುವ ಗೆರೆಗಳು ಹತ್ತಿರದಿಂದ ನೋಡಿದರೆ ಸೊಟ್ಟಂಪಟ್ಟ. ಗೊತ್ತುಮಾಡಿದ ಒಂದೇ ಜಾಗದಲ್ಲಿ, ಗೊತ್ತುಮಾಡಿದ ಒಂದೇ ಎತ್ತರದಿಂದ, ನೋಡಿದಾಗಲೇ ಆಳ ಬಾಯಿ ತೆರೆಯುವುದು; ಒಂದು ಕಣ್ಣು ಮುಚ್ಚಿದರೆ ಇನ್ನೂ ಆಳ. ಹಾಗಾಗಿ ಒಬ್ಬರು ಮಲಗಿ ಬಿಡಿಸಬೇಕು, ಇನ್ನೊಬ್ಬರು ಅಲ್ಲಿ ನಿಂತು ಹೇಳಬೇಕು. ನಿಲ್ಲುತ್ತಿದ್ದವಳು ಅವನ ಹೆಂಡತಿ. ಕುಳ್ಳಗಿನ ಹೆಂಗಸು, ಗಂಟಲು ಮಾತ್ರ ದೊಡ್ಡದು.

"ಎಡಕ್ಕೆ ರೀ. ಇನ್ನೂ ಎಡಕ್ಕೆ. ಅಯ್ಯೋ, ನಿಮ್ಮ ಎಡ ಅಲ್ಲ, ನನ್ನ ಎಡ!"

ಮದುವೆಯಾದಾಗಿನಿಂದ ಅವಳು ಬಿಸಿಲಲ್ಲಿ ನಿಂತಳು. ಒಂದು ಸಂಜೆ, "ನಿಮಗೆ ಬೇಕಾಗಿರೋದು ಹೆಂಡ್ತಿ ಅಲ್ಲ, ನೆಟ್ಟ ಕಂಬ" ಎಂದು ಹೇಳಿ ಅಕ್ಕನ ಊರಿಗೆ ಹೊರಟುಹೋದಳು. ಕೋಪ ಆರಿದ ಮೇಲೆ ಬರುತ್ತಾಳೆ ಎಂದು ಇವನು ಕರೆಯಲು ಹೋಗಲಿಲ್ಲ. ಕೋಪ ಆರಿತೋ ಏನೋ, ಅವಳಂತೂ ಬರಲಿಲ್ಲ. ಮನೆಯ ಬೀಗ ತಿರುಗದೆ ಸತಾಯಿಸುತ್ತದೆ; ಆದರೂ ಬದಲಾಯಿಸಿಲ್ಲ. ಇನ್ನೊಂದು ಕೀಲಿ ಅವಳ ಹತ್ತಿರ ಇದೆಯಲ್ಲ.

ಅವಳ ಜಾಗದಲ್ಲಿ ಈಗ ಒಂದು ಬಿದಿರು ಕೋಲು. ಅವಳ ಕಣ್ಣು ಇರುತ್ತಿದ್ದ ಎತ್ತರಕ್ಕೆ ಒಂದು ಮೊಳೆ, ಮೊಳೆಗೆ ಕಟ್ಟಿದ ದಾರ. ಆ ದಾರ ಎಳೆದು ಗೆರೆ ಹಾಕುತ್ತಾನೆ. ಹಾಕಿ, ತಲೆಯೆತ್ತದೆ, "ಸರಿ ಇದೆಯೇನೇ?" ಎನ್ನುತ್ತಾನೆ. ಒಂದು ಗಳಿಗೆ ಕಾಯುತ್ತಾನೆ. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, ತಾನೇ ಹೋಗಿ, ಬಗ್ಗಿ ಮೊಳೆಗೆ ಕಣ್ಣು ಹಚ್ಚುತ್ತಾನೆ.

ಗುಮಾಸ್ತನ ಅಂಗಡಿ ಇದ್ದ ಕಾಂಪ್ಲೆಕ್ಸಿನ ಮ್ಯಾನೇಜರು ಒಮ್ಮೆ ಗುಂಡಿಯಣ್ಣನನ್ನು ಕರೆಸಿದರು. "ಅಂಗಳದಲ್ಲಿ ಪಾತಾಳಕ್ಕೆ ಇಳಿಯೋ ಮೆಟ್ಟಿಲು ಬಿಡಿಸಿ. ಚೆನ್ನಾಗಿ ಬಂದ್ರೆ ವರ್ಷವಿಡೀ ಕೆಲಸ. ಇಲ್ಲಾಂದ್ರೆ ಪೈಪ್ ಹಿಡಿಸಿ ತೊಳೆಸ್ತೀನಿ."

ಗುಂಡಿಯಣ್ಣನ ಮಂಡಿಗಳು ಬೀದಿ ಬೀದಿ ಅಲೆಯುವ ಸ್ಥಿತಿಯಲ್ಲಿರಲಿಲ್ಲ. ಈ ಕೆಲಸ ತಪ್ಪಿದರೆ ಕುಂಚ ಅಟ್ಟಕ್ಕೆ, ಆಸಾಮಿ ಕೋಣೆಯ ಮೂಲೆಗೆ.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಗುಮಾಸ್ತ ಕೋಲಿನ ಪಕ್ಕ ನಿಂತು ನೋಡಿದ. ಅಂಗಡಿಯಲ್ಲಿ ಅವನನ್ನು ಏಣಿ ಎಂದೇ ಕರೆಯುತ್ತಿದ್ದರು. ಆ ಏಣಿಯ ಕಣ್ಣಿಗೆ ಮೆಟ್ಟಿಲು ತುಳಿದ ಶೂ ಡಬ್ಬದಂತೆ ಕಂಡಿತು.

"ಅಣ್ಣಾ, ಮ್ಯಾನೇಜರೂ ನನ್ನಷ್ಟೇ ಉದ್ದ. ಮೊಳೆ ಒಂದು ಗೇಣು ಮೇಲೆ ಹೊಡೀರಿ."

"ಮೊಳೆ ಮುಟ್ಬೇಡ."

ಮೆಟ್ಟಿಲು ಮುಗಿದ ಮೇಲೆ ಮ್ಯಾನೇಜರು ಬಂದು ಕೋಲಿನ ಪಕ್ಕ ನಿಂತರು. ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. "ಇದೇನ್ರೀ, ಮೆಟ್ಟಿಲಾ? ಯಾರೋ ಇಸ್ಪೀಟು ಎಲೆ ಚೆಲ್ಲಿದಂಗಿದೆ. ಏಯ್, ಪೈಪ್ ತನ್ರೋ!"

ಗುಂಡಿಯಣ್ಣ ಬಣ್ಣದ ಡಬ್ಬಗಳ ಮುಚ್ಚಳ ಒಂದೊಂದಾಗಿ ಒತ್ತತೊಡಗಿದ.

ಗುಮಾಸ್ತನಿಗೆ ಆಗ ತನ್ನ ಬೂಟಿನ ದಾರ ನೆನಪಾಯಿತು. ಅರ್ಧ ಬಗ್ಗಿದ್ದಕ್ಕೇ ಅಲ್ಲವೇ ಅವತ್ತು ಗುಂಡಿ ಕಂಡಿದ್ದು! ಓಡಿಹೋಗಿ ಕಾವಲುಗಾರನ ಎತ್ತರದ ಸ್ಟೂಲು ತಂದು ಕೋಲಿನ ಪಕ್ಕ ಇಟ್ಟ. "ಸಾರ್, ಕೂತು ನೋಡಿ. ಒಂದು ಕಣ್ಣು ಮುಚ್ಚಿ."

ಮ್ಯಾನೇಜರು ಗೊಣಗುತ್ತ ಕೂತರು. ಮರುಗಳಿಗೆ ಎರಡೂ ಕಾಲು ಮೇಲೆತ್ತಿಕೊಂಡು ಸ್ಟೂಲನ್ನು ಅಪ್ಪಿ ಹಿಡಿದರು. "ಅಯ್ಯಯ್ಯಪ್ಪಾ!"

ಕೆಲಸ ಉಳಿಯಿತು. ಸ್ಟೂಲು ಅಲ್ಲೇ ನಿಂತಿತು, ಅದರ ಹಿಂದೆ ಜನ ಸಾಲುಗಟ್ಟಿದರು. ಅಡ್ಡವಾಗುತ್ತದೆಂದು ಯಾರೋ ಕೋಲನ್ನು ಕಿತ್ತು ಗೋಡೆಯ ಬುಡಕ್ಕೆ ಎಸೆದರು. ಗುಂಡಿಯಣ್ಣ ಹೋಗಿ ಅದನ್ನು ಎತ್ತಿಕೊಂಡ, ಮಣ್ಣು ಒರೆಸಿದ. ಮೆಟ್ಟಿಲು ನೋಡಿ ಕಿರುಚುವವರ ಕಡೆ ತಿರುಗಲೂ ಇಲ್ಲ.

ಗುಮಾಸ್ತನಿಗೆ ಗೆದ್ದ ಹುಮ್ಮಸ್ಸು. ಬಾಯಿಗೆ ಬೀಗವಿಲ್ಲದವನು ಕೇಳಿಯೇಬಿಟ್ಟ. "ಅಣ್ಣಾ, ಅತ್ತಿಗೆ ವಾಪಸ್ ಬರ್ತಾರಾ?"

"ಬರಲ್ಲ."

"ಮತ್ತೆ ಇನ್ನೂ ಅವರ ಎತ್ತರಕ್ಕೇ ಯಾಕೆ ಬಿಡಿಸ್ತೀರಿ?"

ಗುಂಡಿಯಣ್ಣ ಕೋಲನ್ನು ಹೆಗಲಿಗೇರಿಸಿಕೊಂಡ.

"ಬೇರೆ ಯಾರ ಎತ್ತರಾನೂ ನಂಗೊತ್ತಿಲ್ಲ ಕಣೋ."