ಅಡುಗೆಯವಳು ಕೊಂದಿರಲಿಲ್ಲ

ಪೀಣ್ಯದಿಂದ ಮನೆಗೆ ಬರುವ ಮೆಟ್ರೋದಲ್ಲಿ ಇವತ್ತು ಸೀಟು ಸಿಕ್ಕಿತೆಂದು ಚೀಲದಿಂದ ಹಳೆಯದೊಂದು ಪುಸ್ತಕ ತೆಗೆದೆ. ನುಸಿಗುಳಿಗೆಯ ವಾಸನೆ ಎಷ್ಟು ಜೋರಾಗಿ ಹೊಡೆಯಿತೆಂದರೆ ಪಕ್ಕದವರು ಒಂಚೂರು ಸರಿದು ಕೂತರು. ಅದು ಸಿಂಗಸಂದ್ರದ ನಮ್ಮ ದೊಡ್ಡಮ್ಮನ ಬೀರುವಿನ ವಾಸನೆ. ರೇಷ್ಮೆ ಸೀರೆಗಳ ನಡುವೆ ಪತ್ತೇದಾರಿ ಕಾದಂಬರಿ ಇಡುವವರನ್ನು ನೀವು ಬೇರೆಲ್ಲಾದರೂ ನೋಡಿದ್ದರೆ ಹೇಳಿ.

ದೊಡ್ಡಮ್ಮ ಪುಸ್ತಕ ಕೊಂಡವಳಲ್ಲ. ಅವರ ಮನೆಯ ರಾಗಿ ಹೊಲದಲ್ಲಿ ಈಗ ಬಾಡಿಗೆ ಮನೆಗಳಿವೆ. ಖಾಲಿ ಮಾಡಿದವರು ಬಿಟ್ಟುಹೋದದ್ದೇ ಅವಳ ಲೈಬ್ರರಿ. ಪತ್ತೇದಾರಿ ಕಥೆಯಾದರೆ ಕೊನೆಯ ಪುಟದಿಂದಲೇ ಶುರು. "ಕೊಂದೋರ್ಯಾರು ಅಂತ ಗೊತ್ತಾದ್ರೆ ನೆಮ್ಮದಿಯಾಗಿ ಓದ್ಬೋದು ಕಣಪ್ಪ" ಅನ್ನುತ್ತಿದ್ದಳು. ಅವಳ ಇನ್ನೊಂದು ಹುಚ್ಚು ಪೇಪರಿನ ವಿಜ್ಞಾನದ ಸುದ್ದಿ. ಕಪ್ಪುಕುಳಿಯ ಚಿತ್ರ ಬಂದಾಗ "ಕತ್ತಲೆಗೇ ಫೋಟೋ ತೆಗ್ದವ್ರಂತಲ್ಲ, ಎಂಗೆ?" ಎಂದು ಫೋನ್ ಮಾಡಿದ್ದಳು. ಗಾಳಿ ಸೋಸಿ ಯಾವ ಪ್ರಾಣಿ ಸುಳಿದಿತ್ತೆಂದು ಹೇಳಬಹುದೆಂದು ಓದಿದ ದಿನ, "ಇದಿದ್ದಿದ್ರೆ ನಮ್ ಪತ್ತೇದಾರ ನಾಲ್ಕೇ ಪುಟಕ್ಕೆ ಮನೆಗೋಗ್ತಿದ್ದ" ಎಂದು ನಕ್ಕಳು. ನಾನು ಎರಡಕ್ಕೂ ಹೂಂಗುಟ್ಟಿದ್ದೆ. ನನಗೇನು ಗೊತ್ತಿತ್ತು, ಮಣ್ಣು!

ಹೋದ ವರ್ಷ ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಸ್ಕ್ಯಾನ್ ಮಾಡಿದವರು "ಸ್ವಲ್ಪ ಅನುಮಾನ ಇದೆ, ಸೂಜಿ ಹಾಕಿ ಟೆಸ್ಟ್ ಮಾಡಿಸಿ" ಅಂದರು. ದೊಡ್ಡಮ್ಮ ಅದನ್ನೇ ಕೊನೆಯ ಪುಟ ಅಂದುಕೊಂಡಳು. ಟೆಸ್ಟ್ ಮಾಡಿಸಿ ಕಾಯುತ್ತಿದ್ದಾಗಲೇ ಧಾರೆ ಸೀರೆಯನ್ನು ಸೊಸೆಗೆ ಕೊಟ್ಟಳು, ಹಸುವನ್ನು ಮೈದುನನಿಗೆ ಒಪ್ಪಿಸಿದಳು, ಊಟ ಸರಿಯಾಗಿ ಮಾಡುವುದನ್ನೂ ಬಿಟ್ಟಳು. ನನಗೆ ವಿಪರೀತ ಭಯವಾಗಿತ್ತು. ಬೇರೇನೂ ತೋಚದೆ ಬೀರುವಿನಿಂದ ಅವಳು ಇನ್ನೂ ಓದಿರದ ಈ ಪುಸ್ತಕ ತೆಗೆದುಕೊಟ್ಟೆ.

ಹಳೇ ಕಾಲದ ಪತ್ತೇದಾರಿ ಕಥೆ: ದೊಡ್ಡ ಬಂಗಲೆ, ಒಳಗಿನಿಂದ ಚಿಲಕ ಹಾಕಿದ ಕೋಣೆ, ಅದರಲ್ಲಿ ಸತ್ತುಬಿದ್ದ ಯಜಮಾನ. ಮೊದಲ ಪುಟದಲ್ಲೇ ಯಾರೋ ಬಾಡಿಗೆಯವನು ಪೆನ್ಸಿಲಿನಲ್ಲಿ "ಕೊಂದವಳು ಅಡುಗೆಯವಳು" ಎಂದು ಬರೆದಿಟ್ಟಿದ್ದ. ಕೊನೆಯ ಪುಟ ತಿರುಗಿಸುವ ಕೆಲಸವೂ ತಪ್ಪಿತೆಂದು ದೊಡ್ಡಮ್ಮ ಓದತೊಡಗಿದಳು.

ಒಂದು ಮಧ್ಯಾಹ್ನ ಫೋನ್ ಬಂತು.

"ಅಡುಗೆಯವ್ಳು ಕೊಂದಿಲ್ಲ ಕಣೋ! ಪೆನ್ಸಿಲ್‌ನೋನು ಸುಳ್ಳು ಬರ್ದವ್ನೆ. ಪಾಪ, ಆಯಮ್ಮ ಟೀ ತಂದಾಗೆಲ್ಲ ಬೈಕೊಂಡೆ." ಹಾಗೇ ಕೇಳಿದಳು, "ಸ್ಕ್ಯಾನ್‌ನೋರು ಅನುಮಾನ ಅಂತ ತಾನೇ ಅಂದಿದ್ದು? ಅದೇ ಅಂತ ಏಳಿಲ್ವಲ್ಲ?"

"ಇಲ್ಲ ದೊಡ್ಡಮ್ಮ, ಹೇಳಿಲ್ಲ."

ಆ ಸಂಜೆ ಮುದ್ದೆ ಉಂಡಳಂತೆ.

"ಭಯ ಪಡೋಂಥದ್ದು ಏನಿಲ್ಲಮ್ಮ, ಬರೀ ಗಂಟು" ಎಂದು ಡಾಕ್ಟರು ಟೆಸ್ಟಿನ ರಿಪೋರ್ಟ್ ನೋಡಿ ಹೇಳಿದಾಗ ಅತ್ತದ್ದು ನಾನು. ದೊಡ್ಡಮ್ಮ ಮಾತ್ರ ಕುರ್ಚಿಯನ್ನು ಮುಂದಕ್ಕೆಳೆದು, "ಸೂಜಿ ಮೊನೇಲಿ ಬಂದಿದ್ರಲ್ಲಿ ಅಷ್ಟೆಲ್ಲ ಎಂಗ್ ಗೊತ್ತಾಯ್ತದೆ ಸಾರ್?" ಎಂದು ವಿಚಾರಣೆಗೆ ಕೂತಳು. ಹೊರಗೆ ರೋಗಿಗಳು ಕಾಯುತ್ತಿದ್ದರೂ ಆ ಪುಣ್ಯಾತ್ಮರು ಬಿಡಿಸಿ ಹೇಳಿದರು. ಮನೆಗೆ ಬಂದವಳೇ ಸೊಸೆಯ ಹತ್ತಿರ ಸೀರೆ ವಾಪಸ್ ಕೇಳಿದಳು. ಹಸುವೂ ಕೊಟ್ಟಿಗೆಗೆ ಬಂತು.

ಮೊನ್ನೆ ಈ ಪುಸ್ತಕ ನನ್ನ ಕೈಗಿಟ್ಟಾಗ ಪೆನ್ಸಿಲ್ ಬರಹ ಹಾಗೇ ಇತ್ತು. ಅಳಿಸಬಾರದಿತ್ತೇ ಅಂದೆ. "ಇರ್ಲಿ ಬಿಡು. ಓದೋರು ನಂಬ್ಕೊಂಡೇ ಓದ್ಲಿ. ಕೊನೇಲಿ ಎಷ್ಟು ಸಮಾಧಾನ ಆಯ್ತದೆ ಗೊತ್ತಾ!"

ಇವತ್ತು ಮೆಟ್ರೋದಲ್ಲಿ ಓದುತ್ತಿದ್ದಂತೆ ನನ್ನ ಬೆರಳೂ ಕೊನೆಯ ಪುಟದ ಕಡೆ ಹೋಗುತ್ತಿತ್ತು, ಅಷ್ಟರಲ್ಲಿ ಅವಳದೇ ಫೋನ್.

"ಎಲ್ಲೀಗಂಟ ಓದ್ದೆ?"

"ಅಡುಗೆಯವಳು ಪತ್ತೇದಾರನಿಗೆ ಟೀ ತರ್ತಿದಾಳೆ."

"ಕುಡೀಲಿ ಬಿಡು," ಅಂದಳು ದೊಡ್ಡಮ್ಮ, "ಏನೂ ಆಗಕ್ಕಿಲ್ಲ."